ತಾಯಿ ಕರೆಯುವುದು ಊಟಕ್ಕೆ

ಪರಮಪ್ರಸಾದ ಮತ್ತು ಮಾತೆ ಮರಿಯಮ್ಮನವರ ಭಕ್ತಿಯನ್ನು ಕುರಿತು ಕುಟುಂಬಗಳಿಗೊಂದು ಪಾಠ

ಮೊದಲು ಓದಿಕೊಳ್ಳಿ: ಯೊವಾನ್ನ 2:1-11, 1 ಕೊರಿಂಥ 11:17-34



ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಭಕ್ತಿಗಳು ಆಳವಾಗಿ ಬೇರುಬಿಟ್ಟಿವೆ. ಒಂದು ಪರಮಪ್ರಸಾದದ ಭಕ್ತಿ, ಮತ್ತೊಂದು ಮಾತೆ ಮರಿಯಮ್ಮನವರ ಭಕ್ತಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕಥೋಲಿಕ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿಲ್ಲ. ಪಟ್ಟಣದಲ್ಲಿ ಕೆಲವು ಮನೆ, ಹಳ್ಳಿಯಲ್ಲಿ ಒಂದೆರಡು ಮನೆ, ಹೀಗೆ ಚದುರಿಹೋಗಿವೆ. ಆದರೂ ಇಂಥ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲೇ ವೇಳಾಂಗಣಿ ಮಾತೆಯ ಪಟ, ಅದರ ಮೊಳೆಗೆ ನೇತುಹಾಕಿದ ಜಪಮಾಲೆ ಕಾಣುವುದು ಸಾಮಾನ್ಯ. ಇದು ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಈ ಎರಡು ಭಕ್ತಿಗಳು ನಮ್ಮ ಬಾಳಿನಲ್ಲಿ ಕೈಕೈ ಹಿಡಿದು ನಡೆಯುತ್ತಿವೆಯೇ? ಅಥವಾ ಒಂದು ಒಂದು ದಾರಿ, ಇನ್ನೊಂದು ಇನ್ನೊಂದು ದಾರಿ ಹಿಡಿದಿವೆಯೇ? ಆಗಸ್ಟ್ 29ರಂದು ಧ್ವಜ ಏರಿ ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನನೋತ್ಸವ ಮುಗಿಯುವವರೆಗೆ ಒಂಬತ್ತು ದಿನಗಳ ಪ್ರಾರ್ಥನೆಗೆ ಬಿಡದೆ ಬರುವವರಲ್ಲಿ ಕೆಲವರು ಮುಂದಿನ ಭಾನುವಾರದ ಬಲಿಪೂಜೆಗೆ ಕಾಣುವುದಿಲ್ಲ. ಕಾವಿ ಬಟ್ಟೆ ಉಟ್ಟು ನೂರಾರು ಮೈಲಿ ವೇಳಾಂಗಣಿಗೆ ನಡೆದು ಹೋದವರಲ್ಲಿ ಕೆಲವರು ತಮ್ಮ ಊರಿನ ದೇವಾಲಯಕ್ಕೆ ಎರಡು ಮೈಲಿ ನಡೆಯುವುದಿಲ್ಲ. ಇದನ್ನು ಯಾರನ್ನೂ ಹಳಿಯಲು ಬರೆಯುತ್ತಿಲ್ಲ. ತಾಯಿಯ ಮೇಲಿನ ಪ್ರೀತಿ ದೊಡ್ಡದು. ಆದರೆ ತಾಯಿ ನಮ್ಮನ್ನು ಏತಕ್ಕಾಗಿ ಕರೆಯುತ್ತಾಳೆ ಎಂಬುದನ್ನು ತಿಳಿದುಕೊಂಡರೆ ಆ ಪ್ರೀತಿ ಇನ್ನೂ ಬೆಳೆಯುತ್ತದೆ.

ಕಾನಾ ಊರಿನ ಮದುವೆ ಮನೆ

ಸಂತ ಯೊವಾನ್ನರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಮದುವೆಯ ಮನೆ, ನೆಂಟರಿಷ್ಟರು ತುಂಬಿದ್ದಾರೆ. ದ್ರಾಕ್ಷಾರಸ ಮುಗಿದುಹೋಗುತ್ತದೆ. ನಮ್ಮ ಕಡೆ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಜನ ಕುಳಿತಿರುವಾಗ ಅನ್ನ ಸಾಲದೆ ಬಂದರೆ ಹೆಣ್ಣಿನ ಕಡೆಯವರ ಮುಖ ಹೇಗಾಗುತ್ತದೆ ಎಂಬುದು ನಿಮಗೆ ಗೊತ್ತು. ಅಲ್ಲಿಯೂ ಅಂಥದೇ ಅವಮಾನ ಬಾಗಿಲಲ್ಲಿ ನಿಂತಿತ್ತು.

ಅದನ್ನು ಮರಿಯಮ್ಮನವರು ಕಂಡರು. ಅವರು ಮಾಡಿದ ಮೂರು ಕೆಲಸಗಳನ್ನು ಗಮನಿಸಿ. ಮೊದಲನೆಯದು, ಕೊರತೆಯನ್ನು ತಾವಾಗಿಯೇ ಗುರುತಿಸಿದರು. ಯಾರೂ ಬಂದು ಅವರನ್ನು ಬೇಡಿಕೊಂಡಂತೆ ಶುಭಸಂದೇಶ ಹೇಳುವುದಿಲ್ಲ. ಎರಡನೆಯದು, ಅದನ್ನು ಮಗನಿಗೆ ತಿಳಿಸಿದರು. ಮೂರನೆಯದು, ಸೇವಕರ ಕಡೆ ತಿರುಗಿ, ಆತನು ಏನು ಹೇಳುತ್ತಾನೋ ಅದರಂತೆ ಮಾಡಬೇಕೆಂದು ತಿಳಿಸಿದರು. ಅಷ್ಟೇ. ಮುಂದಿನದೆಲ್ಲ ಪ್ರಭುವಿನ ಕೆಲಸ. ಆರು ಕಲ್ಲಿನ ಬಾನೆಗಳ ನೀರು ದ್ರಾಕ್ಷಾರಸವಾಯಿತು, ಶಿಷ್ಯರು ಪ್ರಭುವಿನಲ್ಲಿ ವಿಶ್ವಾಸವಿಟ್ಟರು. ಆ ಅಧ್ಯಾಯದಲ್ಲಿ ಮರಿಯಮ್ಮನವರ ಕಡೆಯ ಮಾತು ಸೇವಕರನ್ನು ಮಗನ ಕಡೆಗೆ ಕಳುಹಿಸುವ ಮಾತೇ ಆಗಿದೆ.

ಹಾಗಾದರೆ ಆ ತಾಯಿಯ ಮಾತಿನಂತೆ ನಡೆಯುವುದೆಂದರೆ ಏನು? ಕಡೆಯ ಭೋಜನದಲ್ಲಿ ಪ್ರಭು ರೊಟ್ಟಿಯನ್ನೂ ಪಾತ್ರೆಯನ್ನೂ ತೆಗೆದುಕೊಂಡು ತಮ್ಮ ಶರೀರ, ತಮ್ಮ ರಕ್ತ ಎಂದು ಕೊಟ್ಟು, ತಮ್ಮ ಸ್ಮರಣೆಗಾಗಿ ಹೀಗೆ ಮಾಡಿರೆಂದು ಆಜ್ಞೆಯಿತ್ತರು. ಮರಿಯಮ್ಮನವರ ಮಾತನ್ನು ಪಾಲಿಸುವವರು ಈ ಆಜ್ಞೆಯನ್ನು ಬಿಟ್ಟು ಬೇರೆಲ್ಲಿಗೆ ಹೋದಾರು? ಮರಿಯಮ್ಮನವರು ಕಡೆಯ ಭೋಜನದಲ್ಲಿ ಇದ್ದರೆಂದು ಶುಭಸಂದೇಶಗಳು ಹೇಳುವುದಿಲ್ಲ. ಆದರೆ ಪ್ರಭುವಿನ ಸ್ವರ್ಗಾರೋಹಣದ ನಂತರ ಪ್ರೇಷಿತರೊಡನೆ ಒಮ್ಮನಸ್ಸಿನಿಂದ ಪ್ರಾರ್ಥಿಸುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು (1:14) ತಿಳಿಸುತ್ತದೆ. ಅದೇ ಪುಸ್ತಕದ ಮುಂದಿನ ಅಧ್ಯಾಯದಲ್ಲಿ (2:42) ಆ ಸಮುದಾಯ ರೊಟ್ಟಿ ಮುರಿಯುವುದರಲ್ಲಿ ನಿರತವಾಗಿತ್ತೆಂದು ಓದುತ್ತೇವೆ. 2003ರಲ್ಲಿ ವಿಶ್ವಗುರು ಎರಡನೆಯ ಜಾನ್ ಪಾಲರು ಪರಮಪ್ರಸಾದದ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಒಂದು ಅಧ್ಯಾಯವನ್ನೇ ಮರಿಯಮ್ಮನವರಿಗೆ ಮೀಸಲಿಟ್ಟು, ಅವರನ್ನು ಪರಮಪ್ರಸಾದದ ಸ್ತ್ರೀಯೆಂದು ಕರೆದರು. ತನ್ನ ಗರ್ಭದಲ್ಲಿ ಪ್ರಭುವಿನ ಶರೀರವನ್ನು ಹೊತ್ತ ತಾಯಿಯೇ ಪ್ರಭುವಿನ ಮೊದಲ ಪರಮಪ್ರಸಾದ ಪೆಟ್ಟಿಗೆ ಎಂಬುದು ಅವರ ಬೋಧನೆ.

ಆರಾಧನೆ ಯಾರಿಗೆ, ಗೌರವ ಯಾರಿಗೆ?

ಅಕ್ಕಪಕ್ಕದ ಮನೆಯವರು ನಮ್ಮನ್ನು ಕೇಳುವುದುಂಟು: ನೀವು ಮರಿಯಮ್ಮನನ್ನು ಪೂಜಿಸುತ್ತೀರಲ್ಲವೇ? ಬೇರೆ ಸಭೆಗಳ ಕ್ರೈಸ್ತ ಸಹೋದರರೂ ಇದೇ ಪ್ರಶ್ನೆಯಿಂದ ನಮ್ಮನ್ನು ಹಿಡಿಯುತ್ತಾರೆ. ಉತ್ತರ ನಮ್ಮ ನಾಲಿಗೆಯ ತುದಿಯಲ್ಲಿರಬೇಕು. ಆರಾಧನೆ ದೇವರಿಗೆ ಮಾತ್ರ. ಪರಮಪ್ರಸಾದದ ಮುಂದೆ ಮೊಣಕಾಲೂರುವುದು ಆರಾಧನೆ, ಏಕೆಂದರೆ ಅಲ್ಲಿರುವವರು ಪ್ರಭು ಯೇಸುವೇ. ಮರಿಯಮ್ಮನವರಿಗೆ ಸಲ್ಲುವುದು ಗೌರವ, ಎಲ್ಲ ಸಂತರಿಗಿಂತ ಹೆಚ್ಚಿನ ವಿಶೇಷ ಗೌರವ; ಆದರೆ ಆರಾಧನೆಯಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ ಧರ್ಮಸಭೆಯ ಕುರಿತಾದ ಸಂವಿಧಾನದ ಕಡೆಯ ಅಧ್ಯಾಯದಲ್ಲಿ ಇದನ್ನು ವಿವರಿಸಿದೆ. ಅದೇ ಸಂವಿಧಾನ ಪರಮಪ್ರಸಾದದ ಬಲಿಯನ್ನು ಕ್ರೈಸ್ತ ಜೀವನದ ಮೂಲವೂ ಶಿಖರವೂ ಆಗಿದೆಯೆಂದು ಬೋಧಿಸಿದೆ.

ಇದನ್ನು ದೇವಾಲಯದೊಳಗಿನ ನಮ್ಮ ನಡತೆಯಲ್ಲೂ ಮಕ್ಕಳಿಗೆ ತೋರಿಸಬಹುದು. ಒಳಗೆ ಕಾಲಿಟ್ಟ ಕೂಡಲೇ ಮೊದಲು ಕಣ್ಣು ಹೋಗಬೇಕಾದದ್ದು ಕೆಂಪು ದೀಪ ಉರಿಯುತ್ತಿರುವ ಪರಮಪ್ರಸಾದ ಪೆಟ್ಟಿಗೆಯ ಕಡೆಗೆ. ಅಲ್ಲಿ ಮೊಣಕಾಲೂರಿ ಪ್ರಭುವಿಗೆ ನಮಿಸಿ, ಆಮೇಲೆ ಮರಿಯಮ್ಮನವರ ಸ್ವರೂಪದ ಬಳಿ ಹೋಗಿ ಹೂವಿಡಿ, ಮೇಣದ ಬತ್ತಿ ಹಚ್ಚಿ. ಮನೆಯ ಯಜಮಾನನಿಗೆ ಒಂದು ಮಾತು ಹೇಳದೆ ನೇರವಾಗಿ ಅಡುಗೆಮನೆಗೆ ನಡೆಯುವ ನೆಂಟ ಒಳ್ಳೆಯ ನೆಂಟನಲ್ಲ. ಹಾಗೆ ಬಂದವರನ್ನು ಅಡುಗೆಮನೆಯ ತಾಯಿಯೇ ನಡುಮನೆಗೆ ಕಳುಹಿಸುತ್ತಾಳೆ.

ಪಂಕ್ತಿಯಲ್ಲಿ ಯಾರು ಕಾಣುತ್ತಿಲ್ಲ?

ಕಾನಾ ಊರಿನ ತಾಯಿ ಕೊರತೆಯನ್ನು ಗುರುತಿಸಿದವರು. ಅವರ ಭಕ್ತರೆಂದು ಹೇಳಿಕೊಳ್ಳುವ ನಾವು ನಮ್ಮ ಪೂಜೆಯ ಪಂಕ್ತಿಯಲ್ಲಿ ಯಾರು ಕಾಣುತ್ತಿಲ್ಲವೆಂದು ನೋಡಿದ್ದೇವೆಯೇ? ಸಾಮಾನ್ಯವಾಗಿ ನಾಲ್ಕು ಬಗೆಯ ಜನ ನಮ್ಮ ನಡುವೆ ಕಾಣೆಯಾಗಿದ್ದಾರೆ.

ಮೊದಲನೆಯವರು ಭಾನುವಾರವೂ ದುಡಿಯುವವರು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಮೇಲೆ ದುಡಿಯುವ ಯುವಕ ಯುವತಿಯರು, ಟೊಮೇಟೊ ಕ್ರೇಟುಗಳನ್ನು ಮಂಡಿಗೆ ಸಾಗಿಸುವ ರೈತರು, ಮೇ ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ಕೀಳುವವರು, ಬೆಳಗಾಗುತ್ತಲೇ ಹಾಲು ಕರೆದು ಡೈರಿಗೆ ಹಾಕಬೇಕಾದವರು. ಇವರು ತಿಳಿಯಬೇಕಾದದ್ದೇನೆಂದರೆ, ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕಟ್ಟಳೆ ಪೂರೈಸುತ್ತದೆ. ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ಕಾನೂನು ಹೀಗೆ ಹೇಳುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ಶನಿವಾರ ಸಂಜೆ ಪೂಜೆ ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಗುರುಗಳನ್ನು ಕೇಳಿನೋಡಿ. ನಿಜವಾಗಿಯೂ ಬರಲು ಆಗದ ಕಾರಣವಿದ್ದವರು, ಉದಾಹರಣೆಗೆ ಕೈಗೂಸಿನ ತಾಯಿ ಅಥವಾ ರೋಗಿಯನ್ನು ನೋಡಿಕೊಳ್ಳುವವರು, ಪಾಪ ಮಾಡಿದೆವೆಂದು ಕೊರಗಬೇಕಾಗಿಲ್ಲ. ಹತ್ತಿರದಲ್ಲಿ ಗುರುಗಳಿಲ್ಲದೆ ಪೂಜೆಯೇ ಇಲ್ಲದ ಕಡೆ ಮನೆಯವರೆಲ್ಲ ಕುಳಿತು ಆ ಭಾನುವಾರದ ವಾಚನಗಳನ್ನು ಓದಿ ಪ್ರಾರ್ಥಿಸಬೇಕೆಂದು ಅದೇ ಕಾನೂನು ಸಲಹೆ ಕೊಡುತ್ತದೆ.

ಎರಡನೆಯವರು ಹಾಸಿಗೆ ಹಿಡಿದವರು, ಮುಪ್ಪಿನವರು. ಯೌವನದಲ್ಲಿ ದೇವಾಲಯದ ಕಸ ಗುಡಿಸಿ, ಹೂ ಕಟ್ಟಿ, ಹಾಡು ಹೇಳಿದ ಅಜ್ಜಿ ಈಗ ತೊಟ್ಟಿಯ ಮನೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಪರಮಪ್ರಸಾದವಿಲ್ಲದೆ ಮಲಗಿರುತ್ತಾರೆ. ಗುರುಗಳಿಗೆ ತೊಂದರೆ ಕೊಡುವುದು ಬೇಡವೆಂದು ಅವರೂ ಕೇಳುವುದಿಲ್ಲ, ಮಕ್ಕಳೂ ಹೇಳುವುದಿಲ್ಲ. ಇದು ಸರಿಯಲ್ಲ. ಸುಮಾರು ಕ್ರಿ.ಶ. 155ರಲ್ಲಿ ಸಂತ ಜಸ್ಟಿನರು ಭಾನುವಾರದ ಪೂಜೆಯನ್ನು ವರ್ಣಿಸುವಾಗಲೇ, ಬರಲಾಗದವರಿಗೆ ಸೇವಾದರ್ಶಿಗಳು ಪ್ರಸಾದವನ್ನು ಕೊಂಡೊಯ್ಯುತ್ತಿದ್ದರೆಂದು ಬರೆದಿದ್ದಾರೆ. ಗುರುಗಳು ಸಾಲದ ಕಡೆ ತಕ್ಕ ಶ್ರೀಸಾಮಾನ್ಯರನ್ನೂ ಧರ್ಮಭಗಿನಿಯರನ್ನೂ ಈ ಸೇವೆಗೆ ನೇಮಿಸಲು 1973ರಿಂದ ಧರ್ಮಸಭೆ ಅನುಮತಿ ಕೊಟ್ಟಿದೆ. ಮರಣಕ್ಕೆ ಸಮೀಪವಾದವರಿಗೆ ಕೊಡುವ ಪರಮಪ್ರಸಾದವಂತೂ ದಾರಿಯ ಬುತ್ತಿ. ದೂರದ ಊರಿಗೆ ಹೊರಟವರನ್ನು ಬುತ್ತಿಯಿಲ್ಲದೆ ಕಳುಹಿಸುವ ಮನೆ ನಮ್ಮ ಕಡೆ ಇದೆಯೇ? ಉಸಿರು ನಿಂತ ಮೇಲೆ ಗುರುಗಳಿಗೆ ಫೋನು ಮಾಡುವುದಕ್ಕಿಂತ, ಪ್ರಜ್ಞೆ ಇರುವಾಗಲೇ ಕರೆಯುವುದು ಮಕ್ಕಳ ಕರ್ತವ್ಯ.

ಮೂರನೆಯವರು ಮದುವೆಯ ತೊಡಕಿನಲ್ಲಿರುವವರು. ಅನ್ಯಧರ್ಮದವರನ್ನು ರಿಜಿಸ್ಟರ್ ಕಚೇರಿಯಲ್ಲಿಯೋ ಬೇರೆ ರೀತಿಯಲ್ಲಿಯೋ ಮದುವೆಯಾದವರು ಪರಮಪ್ರಸಾದ ಸ್ವೀಕರಿಸಲಾಗದೆ, ನಾಚಿಕೆಯಿಂದ ದೇವಾಲಯದ ಕಡೆಗೇ ಬರುವುದನ್ನು ಬಿಡುತ್ತಾರೆ. ಅವರಿಗೆ ಮೂರು ಮಾತು. ಬಲಿಪೂಜೆಗೆ ಬರಲು ಯಾವ ಅಡ್ಡಿಯೂ ಇಲ್ಲ, ಬನ್ನಿ. ಮಕ್ಕಳನ್ನು ಧರ್ಮೋಪದೇಶಕ್ಕೆ ಕಳುಹಿಸಿ. ಮತ್ತು ಗುರುಗಳನ್ನು ಒಮ್ಮೆ ಏಕಾಂತವಾಗಿ ಕಂಡು ನಿಮ್ಮ ಸಂಗತಿ ತಿಳಿಸಿ. ಇಂಥ ಹಲವು ಮದುವೆಗಳನ್ನು ತಕ್ಕ ಅನುಮತಿ ಪಡೆದು ಧರ್ಮಸಭೆಯಲ್ಲಿ ಸರಿಪಡಿಸಲು ದಾರಿಗಳಿವೆ. ಸಂಗಾತಿ ತನ್ನ ಧರ್ಮವನ್ನು ಬಿಡಲೇಬೇಕೆಂಬ ನಿಯಮವಿಲ್ಲ. ಎಷ್ಟೋ ಮಂದಿ ಕೇಳದೆಯೇ ಉತ್ತರ ಇಲ್ಲವೆಂದು ತಿಳಿದು ವರ್ಷಗಳನ್ನು ಕಳೆದಿದ್ದಾರೆ.

ನಾಲ್ಕನೆಯವರು ಪಾಪನಿವೇದನೆ ಮಾಡಿ ಬಹುಕಾಲವಾದವರು. ಇವರು ಪೂಜೆಗೆ ಬರುತ್ತಾರೆ, ಆದರೆ ಎಲ್ಲರೂ ಎದ್ದು ಹೋಗುವಾಗ ಬೆಂಚಿನಲ್ಲೇ ಉಳಿಯುತ್ತಾರೆ. ಏನು ಹೇಳಬೇಕೋ ಮರೆತುಹೋಗಿದೆ ಎಂಬ ಸಂಕೋಚ ಇವರಿಗೆ. ಮರೆತಿದ್ದರೆ ಮರೆತಿದೆಯೆಂದೇ ಗುರುಗಳಿಗೆ ಹೇಳಿ; ಅವರು ನಡೆಸಿಕೊಡುತ್ತಾರೆ. ಬೆಂಚಿನಲ್ಲಿ ಉಳಿದವರನ್ನು ಕಂಡು ಪಿಸುಗುಟ್ಟುವುದು ಮಾತ್ರ ನಮ್ಮ ಕೆಲಸವಲ್ಲ. ಮರಿಯಮ್ಮನವರು ಕೊರತೆಯನ್ನು ಮಗನಿಗೆ ಹೇಳಿದರೇ ಹೊರತು ನೆಂಟರಿಗೆ ಹೇಳಿಕೊಂಡು ತಿರುಗಲಿಲ್ಲ.

ಒಂದೇ ಸಾಲು, ಒಂದೇ ರೊಟ್ಟಿ

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ ಗಟ್ಟಿಯಾಗಿ ಗದರಿಸುತ್ತಾರೆ. ಏಕೆ? ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ತಮ್ಮ ಪಾಡಿಗೆ ಉಂಡು ಕುಡಿದು, ಬಡವರು ಹಸಿದು ನಿಲ್ಲುತ್ತಿದ್ದರು. ಇಲ್ಲದವರನ್ನು ಹೀಗೆ ನಾಚಿಸುವುದು ದೇವರ ಸಭೆಯನ್ನೇ ಹೀನಾಯವಾಗಿ ಕಂಡಂತೆ ಎಂದು ಅವರ ತೀರ್ಪು. ಪ್ರಭುವಿನ ಶರೀರವನ್ನು ಅರಿಯದೆ ತಿನ್ನುವವನು ತನಗೆ ತಾನೇ ದಂಡನೆಯನ್ನು ತಿನ್ನುತ್ತಾನೆ ಎಂಬ ಭಯಂಕರ ಎಚ್ಚರಿಕೆ ಬರುವುದು ಈ ಸಂದರ್ಭದಲ್ಲಿಯೇ.

ಹಿಂದೆ ನಮ್ಮ ದೇಶದ ಹಲವು ದೇವಾಲಯಗಳಲ್ಲಿ ಜಾತಿಗೊಂದು ಜಾಗವಿತ್ತು ಎಂಬುದು ಧರ್ಮಸಭೆ ತಲೆತಗ್ಗಿಸಬೇಕಾದ ಚರಿತ್ರೆ. ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣ ಬಹಳ ಹೆಚ್ಚು. 2011ರ ಜನಗಣತಿಯಂತೆ ಜನಸಂಖ್ಯೆಯ ಶೇಕಡಾ 30ರಷ್ಟು. ಆದ್ದರಿಂದ ಪೌಲರ ಮಾತು ನಮಗೆ ದೂರದ ಕೊರಿಂಥದ ಸುದ್ದಿಯಲ್ಲ. ಒಂದೇ ಸಾಲಿನಲ್ಲಿ ನಿಂತು ಒಂದೇ ಪ್ರಭುವನ್ನು ಸ್ವೀಕರಿಸಿ, ಮನೆಗೆ ಹೋದಮೇಲೆ ಲೋಟ ಬೇರೆ, ಜಗಲಿ ಬೇರೆ ಎಂದರೆ ನಾವು ಸ್ವೀಕರಿಸಿದ್ದು ಏನನ್ನು? ಮರಿಯಮ್ಮನವರು ಎಲಿಜಬೇತಮ್ಮನ ಮನೆಯಲ್ಲಿ ಹಾಡಿದ ಸ್ತುತಿಗೀತೆಯಲ್ಲಿ (ಲೂಕ 1:46-55) ದೇವರು ದೀನರನ್ನು ಮೇಲೆತ್ತುವರು, ಹಸಿದವರನ್ನು ತೃಪ್ತಿಪಡಿಸುವರು ಎಂದು ಕೊಂಡಾಡಿದರು. ಬಲಿಪೀಠವೂ ಆ ಗೀತೆಯೂ ನಮಗೆ ಒಂದೇ ಪಾಠವನ್ನು ಕಲಿಸುತ್ತವೆ.

ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. 1964ರಲ್ಲಿ ಬೊಂಬಾಯಿಯಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆಯಿತು. ಅದಕ್ಕಾಗಿ ಭಾರತಕ್ಕೆ ಬಂದ ವಿಶ್ವಗುರು ಆರನೆಯ ಪೌಲರು ತಾವು ಬಳಸಿದ ಬಿಳಿಯ ಕಾರನ್ನು ಹೊರಡುವಾಗ ಮದರ್ ತೆರೇಸರಿಗೆ ಕೊಟ್ಟರು. ಮದರ್ ಅದರಲ್ಲಿ ಕೂರಲಿಲ್ಲ. ಅದನ್ನು ಲಾಟರಿಗಿಟ್ಟು ಬಂದ ಹಣವನ್ನು ಕುಷ್ಠರೋಗಿಗಳ ಸೇವೆಗೆ ವಿನಿಯೋಗಿಸಿದರು. ಪರಮಪ್ರಸಾದದ ಮೆರವಣಿಗೆ ಎಲ್ಲಿಗೆ ಹೋಗಿ ತಲುಪಬೇಕು ಎಂಬುದನ್ನು ಆ ಕಾರು ತೋರಿಸಿತು.

ಜಪಮಾಲೆ ಪೂಜೆಗೆ ದಾರಿ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ. ಕೆಲವು ಮನೆಗಳಲ್ಲಿ ತಮಿಳು. ಯಾವ ಭಾಷೆಯಲ್ಲಿ ಹೇಳಿದರೂ ನಮೋ ಮರಿಯ ಪ್ರಾರ್ಥನೆಯ ನಟ್ಟನಡುವೆ ಇರುವುದು ಯೇಸುವಿನ ನಾಮ. ಆ ನಾಮದ ಬಳಿ ಒಂದು ಕ್ಷಣ ನಿಂತು ಮುಂದೆ ಹೋಗುವ ಅಭ್ಯಾಸ ಮಾಡಿಕೊಳ್ಳಿ. ಬಸ್ಸಿಗೆ ಹೊತ್ತಾದವರಂತೆ ಓಡಿಸಬೇಡಿ.

2002ರಲ್ಲಿ ಎರಡನೆಯ ಜಾನ್ ಪಾಲರು ಜಪಮಾಲೆಗೆ ಬೆಳಕಿನ ರಹಸ್ಯಗಳನ್ನು ಸೇರಿಸಿದರು. ಅವುಗಳಲ್ಲಿ ಎರಡನೆಯದು ಕಾನಾ ಊರಿನ ಮದುವೆ, ಐದನೆಯದು ಪರಮಪ್ರಸಾದದ ಸ್ಥಾಪನೆ. ಇವನ್ನು ಧ್ಯಾನಿಸಲು ಅವರು ಸೂಚಿಸಿದ ದಿನ ಗುರುವಾರ, ಪ್ರಭು ಕಡೆಯ ಭೋಜನ ಮಾಡಿದ ದಿನ. ಹೀಗೆ ತಾಯಿಯ ಜಪಮಾಲೆ ಮಗನ ಮೇಜಿನ ಬಳಿಗೆ ಬಂದು ಮುಟ್ಟುತ್ತದೆ. ಗುರುವಾರ ಸಂಜೆ ಪರಮಪ್ರಸಾದದ ಆರಾಧನೆ ಇರುವ ಕಡೆ ಈ ರಹಸ್ಯಗಳನ್ನು ಪ್ರಭುವಿನ ಮುಂದೆಯೇ ಧ್ಯಾನಿಸಬಹುದು.

2020ರ ಮಾರ್ಚಿನಲ್ಲಿ ಕೊರೋನಾದಿಂದ ದೇವಾಲಯಗಳ ಬಾಗಿಲು ಮುಚ್ಚಿದಾಗ ನಾವು ಫೋನಿನಲ್ಲಿ ಪೂಜೆ ನೋಡಿ ಆತ್ಮಿಕವಾಗಿ ಪ್ರಭುವನ್ನು ಬರಮಾಡಿಕೊಂಡೆವು. ಬರಲಾಗದವರಿಗೆ ಅದು ಇಂದಿಗೂ ಒಳ್ಳೆಯ ಪ್ರಾರ್ಥನೆ. ಆದರೆ ಕೈಕಾಲು ಗಟ್ಟಿಯಿರುವವರಿಗೆ ಅದು ಪೂಜೆಯ ಬದಲಿಯಲ್ಲ. ಊಟದ ಚಿತ್ರ ನೋಡಿ ಹೊಟ್ಟೆ ತುಂಬುವುದಿಲ್ಲ.

ಈ ತಿಂಗಳು ಮನೆಯಲ್ಲಿ ಮಾಡಬಹುದಾದದ್ದು

1. ಶನಿವಾರ ರಾತ್ರಿ ಊಟದ ನಂತರ ಮಾರನೆಯ ದಿನದ ಶುಭಸಂದೇಶವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಓದು ಬಾರದ ಹಿರಿಯರೂ ಕೇಳಿಸಿಕೊಳ್ಳಲಿ.

2. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆಯ ಉಪವಾಸ ಪಾಲಿಸಿ. ನೀರಿಗೂ ಔಷಧಿಗೂ ಅಡ್ಡಿಯಿಲ್ಲ. ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮ ಕಡ್ಡಾಯವಲ್ಲ. ಹಿಂದೆ ನಡುರಾತ್ರಿಯಿಂದ ಹನಿ ನೀರೂ ಮುಟ್ಟದೆ ಇರುತ್ತಿದ್ದರೆಂದು ಅಜ್ಜ ಅಜ್ಜಿಯರು ಹೇಳುತ್ತಾರೆ. ಒಂದು ಗಂಟೆಯ ನಿಯಮ ಬಂದದ್ದು 1964ರಲ್ಲಿ.

3. ಕೈಯಲ್ಲಿ ಸ್ವೀಕರಿಸುವುದಾದರೆ ಎಡಗೈಯನ್ನು ಬಲಗೈಯ ಮೇಲಿಟ್ಟು, ಆಮೆನ್ ಎಂದು ಕೇಳುವಂತೆ ಹೇಳಿ, ಅಲ್ಲಿಯೇ ಸ್ವೀಕರಿಸಿ. ಕೈಯಲ್ಲಿ ಹಿಡಿದುಕೊಂಡು ಜಾಗಕ್ಕೆ ಬರಬೇಡಿ. ಆಮೇಲೆ ಐದು ನಿಮಿಷ ಮೌನವಾಗಿರಿ.

4. ಅಕ್ಟೋಬರಿನಲ್ಲಿ ಮನೆಮನೆಗೆ ಜಪಮಾಲೆ ಹೋಗುವಾಗ, ಪ್ರಾರ್ಥನೆ ಮುಗಿದ ಮೇಲೆ ಚಹಾ ಕುಡಿದು ಎದ್ದುಬಿಡಬೇಡಿ. ಈ ಬೀದಿಯಲ್ಲಿ ಪರಮಪ್ರಸಾದಕ್ಕಾಗಿ ಕಾಯುತ್ತಿರುವ ರೋಗಿ ಯಾರಿದ್ದಾರೆ ಎಂದು ಕೇಳಿ. ಅವರ ಒಪ್ಪಿಗೆ ಪಡೆದು ಹೆಸರು ಬರೆದು ಗುರುಗಳಿಗೆ ಕೊಡಿ. ಮಾಲೂರಿನ ಇಟ್ಟಿಗೆ ಗೂಡುಗಳಿಗೂ ಕಾರ್ಖಾನೆಗಳಿಗೂ ಹೊರರಾಜ್ಯದಿಂದ ಬಂದವರಲ್ಲಿ ಕಥೋಲಿಕರಿದ್ದರೆ ಪೂಜೆಯ ವೇಳೆಯನ್ನು ಅವರಿಗೂ ತಿಳಿಸಿ.

5. ಗುರುಗಳು ಪರಮಪ್ರಸಾದದೊಂದಿಗೆ ಮನೆಗೆ ಬರುವ ದಿನ ರೋಗಿಯ ಬಳಿ ಚಿಕ್ಕ ಮೇಜಿಗೆ ಬಿಳಿಬಟ್ಟೆ ಹಾಸಿ, ಶಿಲುಬೆ, ಮೇಣದ ಬತ್ತಿ, ಒಂದು ಲೋಟ ನೀರು ಇಡಿ. ಟಿ.ವಿ. ಆರಿಸಿ. ಮನೆಯವರೆಲ್ಲ ಸೇರಿ.

6. ಕಾಣಿಕೆಯ ಮೆರವಣಿಗೆಯಲ್ಲಿ ನಿಮ್ಮ ಹೊಲದ ರಾಗಿ, ಟೊಮೇಟೊ, ಮಾವು ಏನಿದೆಯೋ ಅದನ್ನು ತನ್ನಿ. ಬಲಿಯರ್ಪಣೆಗೆ ಗೋಧಿಯ ರೊಟ್ಟಿ ಮತ್ತು ದ್ರಾಕ್ಷಾರಸವೇ ಆಗಬೇಕು. ಆದರೆ ರಾಗಿಯ ನಾಡಿನ ಬೆವರು ಆ ರೊಟ್ಟಿಯ ಜೊತೆಗೆ ಬಲಿಪೀಠಕ್ಕೆ ಏರಲಿ, ಆಮೇಲೆ ಅದು ಬಡವರ ಮನೆಗೆ ಇಳಿಯಲಿ.

ಮನೆಮಂದಿ ಕೂಡಿ ಮಾತನಾಡಲು

ಕಾನಾದಲ್ಲಿ ಮರಿಯಮ್ಮನವರು ಮಾಡಿದ ಮೂರು ಕೆಲಸಗಳು ಯಾವುವು? ಅವುಗಳಲ್ಲಿ ನಮ್ಮ ಮನೆ ಯಾವುದನ್ನು ಮರೆತಿದೆ?

ಆರಾಧನೆಗೂ ಗೌರವಕ್ಕೂ ಇರುವ ವ್ಯತ್ಯಾಸವನ್ನು ನೆರೆಮನೆಯವರಿಗೆ ನಮ್ಮ ಮಾತಿನಲ್ಲಿ ಹೇಗೆ ಹೇಳುತ್ತೇವೆ?

ನಾವು ಹರಕೆಗಾಗಿ ಮಾಡುವ ಖರ್ಚಿನಲ್ಲಿ, ಪ್ರಯಾಣದಲ್ಲಿ ಒಂದು ಪಾಲನ್ನು ನಮ್ಮ ಧರ್ಮಕೇಂದ್ರದ ರೋಗಿಗಳಿಗೆ ಮೀಸಲಿಡಬಹುದೇ?

ಕಳೆದ ಭಾನುವಾರದ ಪೂಜೆಯಲ್ಲಿ ಕಾಣದಿದ್ದವರು ಯಾರು? ಅವರ ಮನೆಗೆ ಈ ವಾರ ಹೋಗುವವರು ಯಾರು?

ಪ್ರಾರ್ಥಿಸೋಣ

ಪ್ರಭುವೇ, ನಮ್ಮ ಹಸಿವನ್ನು ಬಲ್ಲವರು ನೀವು. ಜೀವದ ರೊಟ್ಟಿಯಾದ ನಿಮ್ಮ ಬಳಿಗೆ ನಮ್ಮನ್ನು ಕರೆತರಲು ನಿಮ್ಮ ತಾಯಿಯನ್ನೇ ನಮಗೆ ತಾಯಿಯಾಗಿ ಕೊಟ್ಟಿರಿ. ಅವರ ಕಣ್ಣಿನಿಂದ ನೆರೆಯವರ ಕೊರತೆಯನ್ನು ಕಾಣಲು, ಅವರ ವಿಶ್ವಾಸದಿಂದ ನಿಮ್ಮ ಮಾತನ್ನು ಪಾಲಿಸಲು ನಮಗೆ ಕಲಿಸಿರಿ. ನಮ್ಮ ಪಂಕ್ತಿಯಲ್ಲಿ ಖಾಲಿ ಉಳಿದ ಜಾಗಗಳು ತುಂಬಲಿ. ಆಮೆನ್.